ಇದ್ದೀಯಾ? – ನೆಟ್‌ವರ್ಕ್ ಕಾಯುವವರ ಐವತ್ತು ವರ್ಷದ ಕಥೆ

ಭಾಗ 1/9 – ಒಂದು ಪ್ರಶ್ನೆ, ಮೂರು ಮೌನ

ಯಾರದ್ದೋ ಮನೆ ಬಾಗಿಲಲ್ಲಿ ನಿಂತು "ಯಾರಾದ್ರೂ ಇದ್ದೀರಾ?" ಅಂತ ಕೂಗ್ತೀರಿ. ಒಳಗಿಂದ "ಬಂದೆ" ಅಂತ ಕೇಳಿದ್ರೆ ಮುಗೀತು, ಜನ ಇದ್ದಾರೆ. ಉತ್ತರ ಬರಲಿಲ್ಲ ಅಂದ್ರೆ? ಮನೇಲಿ ಯಾರೂ ಇಲ್ಲದಿರಬಹುದು. ಹಿತ್ತಲಲ್ಲಿರೋರಿಗೆ ನಿಮ್ಮ ಕೂಗು ಮುಟ್ಟದೇ ಇರಬಹುದು. ಅವರು ಓಗೊಟ್ಟಿದ್ದು ನಿಮಗೇ ಕೇಳಿಸದೆ ಇರಬಹುದು. ಮೂರರಲ್ಲಿ ಯಾವುದೇ ಆದರೂ ನಿಮಗೆ ಸಿಗೋದು ಬರೀ ಮೌನ.

ಕಂಪ್ಯೂಟರ್ ನೆಟ್‌ವರ್ಕ್ ಕಾಯುವವರ ಕಷ್ಟವೂ ಇದೇ. ಬ್ಯಾಂಕಿನ ಆ್ಯಪ್, ರೈಲು ಟಿಕೆಟ್, ಆಸ್ಪತ್ರೆಯ ರಿಪೋರ್ಟ್, ಎಲ್ಲವೂ ಎಲ್ಲೋ ಇರುವ ಸರ್ವರ್‌ಗಳನ್ನು ನಂಬಿವೆ. ಆ ಸರ್ವರ್‌ಗಳು ಬದುಕಿವೆಯಾ, ಕೆಲಸ ಮಾಡ್ತಿವೆಯಾ ಅಂತ ಹಗಲೂ ರಾತ್ರಿ ಕೇಳುತ್ತಲೇ ಇರುವ ಪ್ರೋಗ್ರಾಂಗಳಿವೆ. ಈ ಕಾವಲಿಗೆ ಮಾನಿಟರಿಂಗ್ ಅಂತ ಹೆಸರು. ಉತ್ತರ ಬಾರದಿದ್ದಾಗ ಅದರ ಅರ್ಥ ಏನು ಅಂತ ಮನುಷ್ಯ ಕಲಿತ ಕಥೆಯೇ ಈ ಸರಣಿ.

ಶುರು ಮಾಡೋಣ 1969ರ ಅಕ್ಟೋಬರ್ 29ರಿಂದ. ರಾತ್ರಿ ಹತ್ತೂವರೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ಮೆನ್ಲೋ ಪಾರ್ಕ್‌ನ ಎಸ್‌ಆರ್‌ಐ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಪದ ಕಳಿಸೋಕೆ ಹೊರಟ. ಇಂಟರ್ನೆಟ್‌ನ ತಾಯಿಬೇರು ಎನ್ನಬಹುದಾದ ಆರ್ಪಾನೆಟ್‌ನಲ್ಲಿ ಹೊರಟ ಮೊದಲ ಸಂದೇಶ ಅದು. ಆ ಕಡೆ ಬಿಲ್ ಡುವಾಲ್ ಕೂತಿದ್ದ. ಇಬ್ಬರ ಕೈಯಲ್ಲೂ ಟೆಲಿಫೋನ್ ಇತ್ತು. ಎಲ್ ಬಂತಾ? ಬಂತು. ಓ ಬಂತಾ? ಬಂತು. ಮೂರನೇ ಅಕ್ಷರಕ್ಕೆ ಆ ಕಡೆಯ ಕಂಪ್ಯೂಟರ್ ಕುಸಿಯಿತು.

ಕುಸಿದದ್ದು ಈ ಕಡೆಯವರಿಗೆ ಗೊತ್ತಾಗಿದ್ದು ಹೇಗೆ? ಫೋನಿನಿಂದ. ಪರೀಕ್ಷೆ ಮಾಡ್ತಿದ್ದ ದಾರಿ ಬೇರೆ, ಸುದ್ದಿ ತಂದ ದಾರಿ ಬೇರೆ. ಈ ಮಾತನ್ನ ನೆನಪಲ್ಲಿಡಿ. ಮುಂದಿನ ಐವತ್ತು ವರ್ಷ ಜಗತ್ತು ಇದನ್ನ ಮರೆತು ಮರೆತು ಪೆಟ್ಟು ತಿನ್ನುತ್ತೆ.

ಭಾಗ 2/9 – ಟೆಲಿಫೋನ್ ಕಂಪನಿಗೇ ಸುದ್ದಿ ಕೊಟ್ಟವರು

ಚಿತ್ರದಲ್ಲಿ ಫ್ರಿಜ್ ಗಾತ್ರದ ಒಂದು ಬೀರು ಕಾಣ್ತಿದೆಯಲ್ಲ, ಅದರ ಹೆಸರು ಐಎಂಪಿ. ಆರ್ಪಾನೆಟ್‌ನ ಪ್ರತಿ ಊರಲ್ಲೂ ಇಂಥದ್ದೊಂದು ಇರ್ತಿತ್ತು. ಕಂಪ್ಯೂಟರ್ ಕೊಟ್ಟ ಸಂದೇಶವನ್ನು ಮುಂದಿನ ಊರಿಗೆ ದಾಟಿಸೋದು ಇದರ ಕೆಲಸ, ಅಂದರೆ ಇವತ್ತಿನ ರೌಟರ್‌ನ ಅಜ್ಜ. ಇದನ್ನು ಕಟ್ಟಿದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿದ್ದ ಬಿಬಿಎನ್ ಎಂಬ ಕಂಪನಿ.

ಬೀರುಗಳು ದೇಶದ ಆ ತುದಿಯಿಂದ ಈ ತುದಿವರೆಗೆ ಹರಡಿವೆ. ಒಂದು ಕೆಟ್ಟರೆ ಕೇಂಬ್ರಿಡ್ಜ್‌ನಲ್ಲಿ ಕೂತವರಿಗೆ ತಿಳಿಯೋದು ಹೇಗೆ? ಬಿಬಿಎನ್‌ನವರು ಪ್ರತಿ ಐಎಂಪಿಯೂ ಸುಮಾರು ನಿಮಿಷಕ್ಕೊಮ್ಮೆ ಒಂದು ಚಿಕ್ಕ ವರದಿ ಕಳಿಸುವಂತೆ ಮಾಡಿದರು. ನಾನಿದ್ದೀನಿ, ನನ್ನ ಈ ಲೈನ್ ಸರಿಯಿದೆ, ಆ ಲೈನ್ ಹೋಗಿದೆ, ಇಷ್ಟು ಸಂದೇಶ ದಾಟಿಸಿದೆ. ಈ ವರದಿ ಓದೋಕೆ ಅಂತಲೇ ನೆಟ್‌ವರ್ಕ್ ಕಂಟ್ರೋಲ್ ಸೆಂಟರ್ ಹುಟ್ಟಿತು. ಇವತ್ತು ದೊಡ್ಡ ಕಂಪನಿಗಳಲ್ಲಿ ಗೋಡೆ ತುಂಬ ಪರದೆ ಹಾಕಿಕೊಂಡು ಕೂರುವ 'ನಾಕ್' ಕೊಠಡಿಗಳ ಮೂಲ ಇದೇ.

ಇಲ್ಲೊಂದು ಜಾಣತನ ಇದೆ ನೋಡಿ. ಒಂದು ಲೈನಿಗೆ ಎರಡು ತುದಿ. ಎರಡೂ ತುದಿಯ ಐಎಂಪಿಗಳು ಅದರ ಬಗ್ಗೆ ಬೇರೆ ಬೇರೆಯಾಗಿ ವರದಿ ಕೊಡ್ತವೆ. ಒಂದು ಐಎಂಪಿ ಮಾತು ನಿಲ್ಲಿಸಿದರೆ ಅದರ ನೆರೆಹೊರೆಯವರನ್ನ ಕೇಳಬಹುದು. ಎಲ್ಲ ನೆರೆಯವರೂ "ಅವನ ಕಡೆಯ ಲೈನ್ ಸತ್ತಿದೆ" ಅಂದ್ರೆ ಐಎಂಪಿಯೇ ಕೆಟ್ಟಿರಬೇಕು. ಒಬ್ಬ ಮಾತ್ರ ಹಾಗಂದ್ರೆ ಅನುಮಾನ ಆ ಒಂದು ಲೈನಿನ ಮೇಲೆ. ಮೌನದ ಅರ್ಥವನ್ನ ಪಕ್ಕದ ಮನೆಯವರ ಸಾಕ್ಷಿಯಿಂದ ಬಿಡಿಸೋ ಉಪಾಯ.

ಇದರಿಂದ ಒಂದು ತಮಾಷೆಯೂ ಆಯ್ತು. ಲೈನ್‌ಗಳು ಟೆಲಿಫೋನ್ ಕಂಪನಿಯಿಂದ ಬಾಡಿಗೆಗೆ ಪಡೆದವು. ನೂರಾರು ಮೈಲಿ ದೂರದ ಲೈನ್ ಕೆಟ್ಟಿದೆ ಅಂತ ಬಿಬಿಎನ್‌ನವರು ಕೇಂಬ್ರಿಡ್ಜ್‌ನಿಂದ ಫೋನ್ ಮಾಡಿದರೆ ಕಂಪನಿಯವರಿಗೆ ಮೊದಮೊದಲು ನಂಬಿಕೆಯೇ ಬರ್ತಿರಲಿಲ್ಲ. ನಮ್ಮ ಲೈನ್ ಕೆಟ್ಟಿದ್ದು ನಮಗಿಂತ ಮೊದಲು ನಿಮಗೆ ಹೇಗ್ರೀ ಗೊತ್ತಾಗುತ್ತೆ?

ಭಾಗ 3/9 – ಆರೋಗ್ಯದ ಸುದ್ದಿಯೇ ಕಾಯಿಲೆ ಆದಾಗ

1980ರ ಅಕ್ಟೋಬರ್ 27. ಅವತ್ತು ಆರ್ಪಾನೆಟ್ ಹಲವು ಗಂಟೆ ಕಾಲ ಮಲಗಿಬಿಟ್ಟಿತು. ಒಂದೆರಡು ಊರು ಅಂತಲ್ಲ, ಇಡೀ ನೆಟ್‌ವರ್ಕ್. ಕಾರಣ ಕೇಳಿದ್ರೆ ಆಶ್ಚರ್ಯ ಆಗುತ್ತೆ.

ಪ್ರತಿ ಐಎಂಪಿಯೂ ತನ್ನ ಲೈನ್‌ಗಳ ಸ್ಥಿತಿಯನ್ನು ಉಳಿದ ಎಲ್ಲ ಐಎಂಪಿಗಳಿಗೆ ಆಗಾಗ ಸಾರುತ್ತಿತ್ತು. ಯಾವ ದಾರಿ ಹಿಡಿಯಬೇಕು ಅಂತ ಅವು ತೀರ್ಮಾನಿಸ್ತಿದ್ದದ್ದು ಇದರಿಂದಲೇ. ಹಳೇ ಸುದ್ದಿ ಯಾವುದು, ಹೊಸದು ಯಾವುದು ಅಂತ ತಿಳಿಯೋಕೆ ಪ್ರತಿ ಸುದ್ದಿಗೂ 0ರಿಂದ 63ರವರೆಗೆ ಒಂದು ಕ್ರಮಸಂಖ್ಯೆ. 63 ಆದ ಮೇಲೆ ಮತ್ತೆ 0, ಗಡಿಯಾರದ ಮುಳ್ಳಿನ ಹಾಗೆ.

ಆ ದಿನ ಒಂದು ಐಎಂಪಿಯ ಹಾರ್ಡ್‌ವೇರ್ ಕೆಟ್ಟು ಬಿಟ್‌ಗಳನ್ನು ಉದುರಿಸತೊಡಗಿತು. 50ನೇ ನಂಬರಿನ ಐಎಂಪಿ ಹೊರಡಿಸಿದ 44ನೇ ಸುದ್ದಿ ಒಂದು ಬಿಟ್ ಕಳಕೊಂಡು 40 ಆಯ್ತು, ಇನ್ನೊಂದು ಕಳಕೊಂಡು 8 ಆಯ್ತು. ಈಗ ಒಂದೇ ಐಎಂಪಿ ಹೆಸರಲ್ಲಿ ಮೂರು ಸುದ್ದಿ: 8, 40, 44. ಸುತ್ತುವ ಲೆಕ್ಕದಲ್ಲಿ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ 8 ಹೊಸದು! ಪ್ರತಿ ಐಎಂಪಿಯೂ "ಓ, ಹೊಸ ಸುದ್ದಿ" ಅಂತ ತಗೊಂಡು ಪಕ್ಕದವರಿಗೆ ಸಾರುತ್ತಾ ಹೋಯ್ತು. ಸುತ್ತು ಮುಗಿಯೋದೇ ಇಲ್ಲ. ಈ ಸುದ್ದಿಗಳಿಗೆ ಆದ್ಯತೆ ಜಾಸ್ತಿ ಇದ್ದಿದ್ದರಿಂದ ಬೇರೆ ಕೆಲಸಕ್ಕೆ ಸಮಯವೇ ಉಳಿಯಲಿಲ್ಲ.

ಐಎಂಪಿಯೊಂದರ ಮೆಮೊರಿ ತೆಗೆದು ನೋಡಿದಾಗ 50ನೇ ಐಎಂಪಿಯ ಸುದ್ದಿಗಳು 8, 40, 44, 8, 40, 44 ಅಂತ ಸಾಲುಗಟ್ಟಿ ನಿಂತಿದ್ದವು. 50ನೇ ಐಎಂಪಿ ಮಾತು ಕೇಳಬೇಡಿ ಅನ್ನೋ ಚಿಕ್ಕ ತೇಪೆಯನ್ನು ಒಂದೊಂದೇ ಐಎಂಪಿಗೆ ಹಾಕಿ ನೆಟ್‌ವರ್ಕನ್ನು ಎಬ್ಬಿಸಿದರು. ಬಿಬಿಎನ್‌ನ ಎರಿಕ್ ರೋಸೆನ್ ಇದನ್ನೆಲ್ಲ 1981ರಲ್ಲಿ ಆರ್‌ಎಫ್‌ಸಿ 789 ಎಂಬ ದಾಖಲೆಯಲ್ಲಿ ಬಿಡಿಬಿಡಿಯಾಗಿ ಬರೆದಿಟ್ಟರು.

ಸ್ಥಿತಿ ತಿಳಿಸೋಕೆ ಇಟ್ಟ ವ್ಯವಸ್ಥೆಯೂ ಕೆಡಬಹುದು, ಕೆಟ್ಟರೆ ತಾನು ಕಾಯುವ ಮನೆಯನ್ನೇ ಕೆಡವಬಹುದು ಅನ್ನೋದಕ್ಕೆ ಇದು ದೊಡ್ಡ ಪಾಠ.

ಭಾಗ 4/9 – ಒಂದೇ ರಾತ್ರಿಯಲ್ಲಿ ಹುಟ್ಟಿದ ಪಿಂಗ್

1981ರ ಸೆಪ್ಟೆಂಬರ್. ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 792 ಹೊರಬಂತು. ಐಸಿಎಂಪಿ ಎಂಬ ನಿಯಮಾವಳಿ ಇದರಲ್ಲಿದೆ. ಅದರೊಳಗೆ ಒಂದು ಸರಳ ಜೋಡಿ: ಎಕೋ ಮತ್ತು ಎಕೋ ರಿಪ್ಲೈ. ಯಾರಾದ್ರೂ 'ಎಕೋ' ಅಂತ ಕಳಿಸಿದರೆ ಬಂದದ್ದನ್ನು ಹಾಗೇ ವಾಪಸ್ ಕಳಿಸಬೇಕು, ಅಷ್ಟೇ. ಬೆಟ್ಟದ ಎದುರು ನಿಂತು ಕೂಗಿದ ಹಾಗೆ.

ನಿಯಮ ಬಂತು, ಆದರೆ ಅದನ್ನು ಸುಲಭವಾಗಿ ಬಳಸುವ ಸಾಧನ ಬೇಕಿತ್ತು. ಮೈಕ್ ಮೂಸ್ ಎಂಬ ಯುವಕ ಆಗ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ, ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿ ಕೆಲಸ ಮಾಡ್ತಿದ್ದ. 1983ರ ಜುಲೈನಲ್ಲಿ ನಾರ್ವೆಯ ಒಂದು ಸಭೆಯಲ್ಲಿ ಡೇವ್ ಮಿಲ್ಸ್ ಅವರು, ಎಕೋ ಪ್ಯಾಕೆಟ್ ಹೋಗಿ ಬರೋಕೆ ತಗೊಳ್ಳುವ ಸಮಯ ಅಳೆಯಬಹುದು ಅಂದದ್ದು ಅವನ ತಲೆಯಲ್ಲಿ ಉಳಿದಿತ್ತು. ಡಿಸೆಂಬರ್‌ನಲ್ಲಿ ಲ್ಯಾಬಿನ ನೆಟ್‌ವರ್ಕ್ ವಿಚಿತ್ರವಾಗಿ ಆಡತೊಡಗಿತು. ಮೂಸ್ ಕೂತು ಒಂದೇ ರಾತ್ರಿಯಲ್ಲಿ ಸುಮಾರು ಸಾವಿರ ಸಾಲಿನ ಪ್ರೋಗ್ರಾಂ ಬರೆದ. ಅಷ್ಟರಲ್ಲಿ ನೆಟ್‌ವರ್ಕಿನ ತೊಂದರೆಯನ್ನ ಬೇರೆಯವರು ಸರಿ ಮಾಡಿಯಾಗಿತ್ತು. ಪ್ರೋಗ್ರಾಂ ಮಾತ್ರ ಉಳೀತು.

ಹೆಸರಿನ ಕಥೆ ಗೊತ್ತಾ? ಜಲಾಂತರ್ಗಾಮಿಯ ಸೋನಾರ್ ನೀರಿನಲ್ಲಿ ಬಿಡುವ 'ಪಿಂಗ್' ಸದ್ದು. ಸದ್ದು ಬಿಡು, ಪ್ರತಿಧ್ವನಿಗೆ ಕಾಯಿ, ಬಂದರೆ ಎದುರಿಗೆ ಏನೋ ಇದೆ. ಮೂಸ್ ಕಾಲೇಜಿನಲ್ಲಿ ಸೋನಾರ್, ರೇಡಾರ್ ಲೆಕ್ಕಾಚಾರ ಮಾಡಿದ್ದವನು, ಹೆಸರು ಅಲ್ಲಿಂದ ಬಂತು. 'ಪ್ಯಾಕೆಟ್ ಇಂಟರ್ನೆಟ್ ಗ್ರೋಪರ್' ಅನ್ನೋ ವಿಸ್ತರಣೆ ಆಮೇಲೆ ಬೇರೆಯವರು ಹೊಂದಿಸಿದ್ದು. ಪರೀಕ್ಷೆಗೆ ಅದನ್ನೇ ಬಾಯಿಪಾಠ ಮಾಡಿದ ಎಷ್ಟು ಜನ ಇದ್ದೀರಿ?

ಮೂಸ್ 2000ದ ನವೆಂಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನ ಪ್ರೋಗ್ರಾಂ ಇವತ್ತಿಗೂ ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಇದೆ. ಮಾತಲ್ಲೂ ಸೇರಿಹೋಗಿದೆ. "ಫ್ರೀ ಆದಾಗ ಪಿಂಗ್ ಮಾಡು" ಅಂತೀವಲ್ಲ, ಅದು ಅವನದ್ದೇ.

ಭಾಗ 5/9 – ಲೈಟ್ ಉರೀತಿದೆ, ಅಂಗಡೀಲಿ ಯಾರೂ ಇಲ್ಲ

ಪಿಂಗ್ ಬಗ್ಗೆ ಮೂಸ್ ಬರೆದಿಟ್ಟ ಒಂದು ಚಂದದ ಕಥೆ ಇದೆ. ಒಬ್ಬರ ಆಫೀಸಲ್ಲಿ ನೆಟ್‌ವರ್ಕ್ ಆಗಾಗ ಕೈಕೊಡ್ತಿತ್ತು, ಎಲ್ಲಿ ಕೇಬಲ್ ಸಡಿಲವಾಗಿದೆ ಅಂತ ಗೊತ್ತಾಗ್ತಿರಲಿಲ್ಲ. ಅವರು ಪಿಂಗ್ ಪ್ರೋಗ್ರಾಮನ್ನು ಮಾತಾಡುವ ಪ್ರೋಗ್ರಾಮಿಗೆ ಜೋಡಿಸಿ, ಸ್ಟೀರಿಯೋಗೆ ಹಾಕಿ, ಕಿವಿ ತಡೆಯುವಷ್ಟು ಜೋರು ಮಾಡಿದರು. ಕಂಪ್ಯೂಟರ್ ಸೆಕೆಂಡಿಗೊಮ್ಮೆ "ಪಿಂಗ್, ಪಿಂಗ್" ಅಂತ ಕಿರುಚ್ತಿತ್ತು. ಇವರು ಕಟ್ಟಡ ಸುತ್ತಿ ಒಂದೊಂದೇ ಕೇಬಲ್ ಅಲ್ಲಾಡಿಸ್ತಾ ಹೋದರು. ಒಂದು ಕಡೆ ಸದ್ದು ನಿಂತಿತು. ಕಳ್ಳ ಸಿಕ್ಕ!

ಆದರೆ ಪಿಂಗ್‌ಗೆ ಒಂದು ಮಿತಿ ಇದೆ. ಅದಕ್ಕೆ ಉತ್ತರ ಕೊಡೋದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂನ ಒಳಪದರ. ಅದರ ಮೇಲೆ ಓಡುವ ವೆಬ್‌ಸರ್ವರ್, ಇಮೇಲ್, ಡೇಟಾಬೇಸ್ ಸತ್ತಿದ್ದರೂ ಪಿಂಗ್‌ಗೆ ಉತ್ತರ ಬರ್ತಾನೇ ಇರುತ್ತೆ. ಅಂಗಡಿ ಬಾಗಿಲು ತೆರೆದಿದೆ, ಲೈಟ್ ಉರೀತಿದೆ, ಗಲ್ಲದ ಮೇಲೆ ಯಾರೂ ಇಲ್ಲ, ಹಾಗೆ. ಇದಕ್ಕೆ ಉಲ್ಟಾನೂ ಇದೆ. ಫೈರ್‌ವಾಲ್ ಪಿಂಗ್ ತಡೆದಿದ್ರೆ ಸರ್ವರ್ ಚೆನ್ನಾಗಿದ್ದೂ ಉತ್ತರ ಬರಲ್ಲ.

ಇಲ್ಲಿಂದ ಹೋಸ್ಟ್ ಬೇರೆ, ಸರ್ವಿಸ್ ಬೇರೆ ಅನ್ನೋ ವಿವೇಕ ಶುರುವಾಯ್ತು. ಯಂತ್ರ ಬದುಕಿದೆಯಾ ಅಂತ ಕೇಳೋದು ಒಂದು. ಅದು ಮಾಡಬೇಕಾದ ಕೆಲಸ ಮಾಡ್ತಿದೆಯಾ ಅಂತ ನೋಡೋದು ಇನ್ನೊಂದು. ಎರಡನೆಯದಕ್ಕೆ ಗಿರಾಕಿ ಥರ ಅಂಗಡಿಗೆ ಹೋಗಿಯೇ ನೋಡಬೇಕು. ಇಮೇಲ್ ಸರ್ವರ್ ಆದ್ರೆ 25ನೇ ಪೋರ್ಟ್‌ಗೆ ಸಂಪರ್ಕಿಸಿ ಅದು '220' ಅಂತ ಸ್ವಾಗತಿಸುತ್ತಾ ನೋಡಬೇಕು. ವೆಬ್‌ಸೈಟ್ ಆದ್ರೆ ಪುಟ ಕೇಳಿ '200' ಬರುತ್ತಾ ನೋಡಬೇಕು. ಅಷ್ಟೂ ಸಾಲದು. '200' ಅಂತ ಹೇಳಿ ಖಾಲಿ ಪುಟ ಕೊಡುವ ಸರ್ವರ್‌ಗಳೂ ಇವೆ. ಪುಟದೊಳಗೆ ಇರಲೇಬೇಕಾದ ಒಂದು ಪದ ಇದೆಯಾ ಅಂತಲೂ ಹುಡುಕಬೇಕು.

ಭಾಗ 6/9 – 'ಇದ್ದೀಯಾ'ದಿಂದ 'ಹೇಗಿದ್ದೀಯಾ'ಗೆ

ಮನುಷ್ಯರ ಹಾಗೇ ಯಂತ್ರಗಳೂ ಸಾಯೋ ಮುಂಚೆ ಸುಸ್ತಾಗ್ತವೆ. ಡಿಸ್ಕ್ ತುಂಬ್ತಾ ಬರುತ್ತೆ, ಲೈನ್ ಕಿಕ್ಕಿರಿಯುತ್ತೆ. ಇದನ್ನ ಮೊದಲೇ ತಿಳಿಯಬೇಕು ಅಂದ್ರೆ ಬರೀ 'ಇದ್ದೀಯಾ' ಅಂತ ಕೇಳಿದ್ರೆ ಆಗಲ್ಲ.

1988ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 1067 ಪ್ರಕಟವಾಯ್ತು. ಅದೇ ಎಸ್‌ಎನ್‌ಎಂಪಿ. ಹೆಸರಲ್ಲೇ 'ಸಿಂಪಲ್' ಇದೆ (ಬಳಸಿದವರು ನಗಬೇಡಿ). ರೌಟರ್, ಸ್ವಿಚ್, ಪ್ರಿಂಟರ್, ಯುಪಿಎಸ್ ಯಾವ ಕಂಪನಿಯದ್ದೇ ಆಗಲಿ, ಒಂದೇ ಬಗೆಯ ಪ್ರಶ್ನೆಗೆ ಒಂದೇ ಬಗೆಯಲ್ಲಿ ಉತ್ತರ ಕೊಡಲಿ ಅನ್ನೋದು ಉದ್ದೇಶ. ಈ ಪೋರ್ಟ್‌ನಲ್ಲಿ ಎಷ್ಟು ಬೈಟ್ ಹೋಯ್ತು? ನೀನು ಎದ್ದು ಎಷ್ಟು ಹೊತ್ತಾಯ್ತು? ನಾವು 161ನೇ ಪೋರ್ಟ್‌ನಲ್ಲಿ ಕೇಳಬಹುದು. ಏನಾದ್ರೂ ಆದ್ರೆ ಯಂತ್ರವೇ 'ಟ್ರ್ಯಾಪ್' ಎಂಬ ಸಂದೇಶವನ್ನು ನಮ್ಮ 162ನೇ ಪೋರ್ಟ್‌ಗೆ ಕಳಿಸಬಹುದು.

ಅಂಕಿ ಸಿಕ್ಕಿತು, ನೋಡೋಕೆ ಕಣ್ಣು ಬೇಕಿತ್ತು. ಅದು ಬಂದದ್ದು 1994ರಲ್ಲಿ. ಟೋಬಿಯಾಸ್ ಓಟಿಕರ್ ಆಗ ಇಂಗ್ಲೆಂಡಿನ ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿದ್ದರು. ಹೊರಜಗತ್ತಿಗೆ ಅಲ್ಲಿದ್ದದ್ದು ಸೆಕೆಂಡಿಗೆ 64 ಕಿಲೋಬಿಟ್‌ನ ಒಂದೇ ಒಂದು ಲೈನ್. ಇವತ್ತು ನಿಮ್ಮ ಮೊಬೈಲಲ್ಲಿ ಈ ಫೋಟೋ ತೆರೆಯೋಕೂ ಅದು ತಿಣುಕುತ್ತಿತ್ತು. ಲೈನ್ ಎಷ್ಟು ತುಂಬಿದೆ ಅನ್ನೋದು ಎಲ್ಲರ ಕುತೂಹಲ. ಓಟಿಕರ್ ಐದು ನಿಮಿಷಕ್ಕೊಮ್ಮೆ ರೌಟರನ್ನು ಕೇಳಿ, ಬಂದ ಅಂಕಿಯಿಂದ ಗ್ರಾಫ್ ಬಿಡಿಸಿ, ವೆಬ್ ಪುಟದಲ್ಲಿ ಹಾಕುವ ಪ್ರೋಗ್ರಾಂ ಬರೆದರು. ಅದೇ ಎಂಆರ್‌ಟಿಜಿ.

ಹಸಿರು ಗುಡ್ಡ, ಅದರ ಮೇಲೊಂದು ನೀಲಿ ಗೆರೆ. ಹಳೇ ಐಎಸ್‌ಪಿಗಳಲ್ಲಿ, ಕಾಲೇಜುಗಳ ಲ್ಯಾಬಲ್ಲಿ ಕೆಲಸ ಮಾಡಿದವರಿಗೆ ಆ ಚಿತ್ರ ಮರೆಯೋಕೆ ಆಗಲ್ಲ. ಗ್ರಾಫ್ ಕೊಟ್ಟ ಹೊಸ ಲಾಭ ಅಂದ್ರೆ 'ಮಾಮೂಲಿ' ಹೇಗಿರುತ್ತೆ ಅಂತ ತಿಳಿದದ್ದು. ಮಾಮೂಲಿ ಗೊತ್ತಿದ್ದವನಿಗೆ ಮಾತ್ರ ಮಾಮೂಲಿ ತಪ್ಪಿದ್ದು ಕಾಣುತ್ತೆ.

ಭಾಗ 7/9 – ಸತ್ತಿದ್ದಾನಾ, ದಾರಿ ಕಡಿದಿದೆಯಾ?

1996ರಲ್ಲಿ ಈಥನ್ ಗಾಲ್‌ಸ್ಟಡ್ ಎಂಬ ಅಮೆರಿಕನ್ ಒಂದು ಸಣ್ಣ ಡಾಸ್ ಪ್ರೋಗ್ರಾಂ ಬರೆದ. ನಾವೆಲ್ ಸರ್ವರ್‌ಗಳನ್ನ ಪಿಂಗ್ ಮಾಡೋದು, ಉತ್ತರ ಬಾರದಿದ್ರೆ ಪೇಜರ್‌ಗೆ ನಂಬರ್ ಕಳಿಸೋದು, ಅಷ್ಟೇ. ಮುಂದೆ ಅದೇ ಯೋಚನೆಯನ್ನ ಲಿನಕ್ಸ್‌ನಲ್ಲಿ ಬೆಳೆಸಿ 1999ರಲ್ಲಿ 'ನೆಟ್‌ಸೇಂಟ್' ಎಂಬ ಹೆಸರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಟ್ರೇಡ್‌ಮಾರ್ಕ್ ತಕರಾರು ಬಂದು 2002ರಲ್ಲಿ ಹೆಸರು ಬದಲಾಯ್ತು: ನಾಗಿಯೋಸ್. ಅದನ್ನೂ ಬಿಡಿಸಿ ಹೇಳ್ತಾರೆ, "ನಾಗಿಯೋಸ್ ಸಂತಗಿರಿಗೆ ಹಟ ಹಿಡಿಯಲ್ಲ" ಅಂತ. ಹಳೇ ಹೆಸರಿನ 'ಸೇಂಟ್'ಗೆ ಕೊಟ್ಟ ಕುಟುಕು. ಗ್ರೀಕ್‌ನಲ್ಲಿ 'ಆಗಿಯೋಸ್' ಅಂದ್ರೆ ಸಂತ.

ನಾಗಿಯೋಸ್ ಏನನ್ನೂ ತಾನೇ ಪರೀಕ್ಷಿಸಲ್ಲ. ಚಿಕ್ಕ ಚಿಕ್ಕ ಪ್ಲಗಿನ್‌ಗಳನ್ನ ಓಡಿಸುತ್ತೆ. ಅವು ವಾಪಸ್ ಕೊಡಬೇಕಾದ್ದು ಒಂದು ಅಂಕಿ. 0 ಅಂದ್ರೆ ಸರಿ, 1 ಎಚ್ಚರಿಕೆ, 2 ಗಂಭೀರ, 3 ಗೊತ್ತಿಲ್ಲ. ಆ 3ನೇ ಉತ್ತರ ನನಗೆ ತುಂಬ ಇಷ್ಟ. ಪರೀಕ್ಷೆಯೇ ಸರಿಯಾಗಿ ನಡೆಯದಿದ್ದಾಗ ಸುಮ್ಮನೆ 'ಸರಿಯಿದೆ' ಅಂತಲೋ 'ಸತ್ತಿದೆ' ಅಂತಲೋ ಊಹಿಸಬೇಡ, ಗೊತ್ತಿಲ್ಲ ಅಂತ ಹೇಳು.

ಇನ್ನೊಂದು, ಮಾತಾಪಿತೃ ಸಂಬಂಧ. ಯಾವ ಸರ್ವರ್ ಯಾವ ರೌಟರ್‌ನ ಹಿಂದಿದೆ ಅಂತ ನಾಗಿಯೋಸ್‌ಗೆ ಮೊದಲೇ ಹೇಳಿಡಬಹುದು. ರೌಟರ್ ಕೆಟ್ಟಾಗ ಅದರ ಹಿಂದಿನ ನಲವತ್ತು ಸರ್ವರ್‌ಗಳೂ ಮೌನ ಆಗ್ತವೆ. ಆಗ ನಾಗಿಯೋಸ್ ರೌಟರನ್ನ 'ಡೌನ್' ಅಂತ, ನಲವತ್ತನ್ನೂ 'ತಲುಪಲಾಗದು' ಅಂತ ಬೇರೆ ಮಾಡುತ್ತೆ. ಹೊಳೆ ಸೇತುವೆ ಕೊಚ್ಚಿಹೋದ ದಿನ ಆಚೆ ಊರಿನವರೆಲ್ಲ ಸತ್ತರು ಅಂತ ಯಾರೂ ಹೇಳಲ್ಲ ಅಲ್ವಾ? ಬಿಬಿಎನ್‌ನವರ ನೆರೆಮನೆ ಸಾಕ್ಷಿಯೇ ಮತ್ತೊಂದು ರೂಪದಲ್ಲಿ ಬಂದಿದ್ದು ಇದು.

ಮೂರನೆಯದು ತಾಳ್ಮೆ. ಒಂದು ಸಲ ಉತ್ತರ ಬರಲಿಲ್ಲ ಅಂದ ಕೂಡಲೇ ಕೂಗಬೇಡ. ಮತ್ತೆ ಕೇಳು, ಮತ್ತೊಮ್ಮೆ ಕೇಳು. ಅಲ್ಲಿವರೆಗೂ ಅದು 'ಸಾಫ್ಟ್' ಸ್ಥಿತಿ. ಹೇಳಿಟ್ಟಷ್ಟು ಸಲ ವಿಫಲವಾದ ಮೇಲೇ 'ಹಾರ್ಡ್', ಆಗಲೇ ಮನುಷ್ಯನನ್ನ ಎಬ್ಬಿಸು. ಇದು ಸಣ್ಣ ವಿಷಯ ಅಲ್ಲ. ತೋಳ ಬಂತು ತೋಳ ಅಂತ ರಾತ್ರಿಯಿಡೀ ಕೂಗುವ ಅಲರ್ಟ್‌ನ ಫೋನನ್ನ ಜನ ಮ್ಯೂಟ್ ಮಾಡಿ ಮಲಗ್ತಾರೆ. ನಿಜವಾದ ತೋಳ ಬರೋದು ಅವತ್ತೇ.

ಭಾಗ 8/9 – ಕಾವಲುಗಾರ ಮನೆಯೊಳಗೇ ಸಿಕ್ಕಿಬಿದ್ದಾಗ

2017ರ ಫೆಬ್ರವರಿ 28. ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಉತ್ತರ ವರ್ಜೀನಿಯಾದಲ್ಲಿ ಕುಸಿಯಿತು. ಅದನ್ನ ನಂಬಿದ ಲೆಕ್ಕವಿಲ್ಲದಷ್ಟು ವೆಬ್‌ಸೈಟ್‌ಗಳು ನಿಂತವು. ಯಾವ ಸೇವೆ ಹೇಗಿದೆ ಅಂತ ಜನರಿಗೆ ತೋರಿಸೋಕೆ ಅಮೆಜಾನ್‌ನದ್ದೇ ಒಂದು ಡ್ಯಾಶ್‌ಬೋರ್ಡ್ ಇದೆ. ಆ ಪುಟದ ಸ್ಥಿತಿ ಬದಲಾಯಿಸುವ ಸಾಧನ ಅವಲಂಬಿಸಿದ್ದು ಯಾವುದರ ಮೇಲೆ? ಎಸ್3 ಮೇಲೇ! ಬೆಳಗ್ಗೆ ಶುರುವಾದ ತೊಂದರೆ, ಅಲ್ಲಿನ ಸಮಯ 11:37ರವರೆಗೂ ಒಂದೊಂದು ಸೇವೆಯ ಸ್ಥಿತಿಯನ್ನ ಆ ಪುಟದಲ್ಲಿ ತಿದ್ದೋಕೆ ಆಗಲಿಲ್ಲ ಅಂತ ಕಂಪನಿಯೇ ಆಮೇಲೆ ಬರೆದುಕೊಂಡಿತು.

2021ರ ಅಕ್ಟೋಬರ್ 4 ಎಲ್ಲರಿಗೂ ನೆನಪಿರುತ್ತೆ. ನಮ್ಮಲ್ಲಿ ರಾತ್ರಿ 9 ದಾಟಿತ್ತು. ಫೇಸ್‌ಬುಕ್, ವಾಟ್ಸಾಪ್, ನೀವೀಗ ಇದನ್ನ ಓದ್ತಿರೋ ಇನ್‌ಸ್ಟಾಗ್ರಾಂ, ಮೂರೂ ಒಟ್ಟಿಗೆ ಮಾಯ. ಸುಮಾರು ಆರು ಗಂಟೆ. "ನನ್ನ ನೆಟ್ ಹೋಗಿದೆಯಾ?" ಅಂತ ವೈಫೈ ಆಫ್ ಆನ್ ಮಾಡಿದವರೆಷ್ಟೋ. ಮೌನದ ಅರ್ಥ ತಿಳಿಯದೆ ಎಲ್ಲರೂ ತಂತಮ್ಮ ಮನೆಯನ್ನೇ ಅನುಮಾನಿಸಿದ ರಾತ್ರಿ.

ಒಳಗೆ ನಡೆದದ್ದು ಹೀಗೆ. ಮಾಮೂಲಿ ನಿರ್ವಹಣೆ ವೇಳೆ, ಡೇಟಾಸೆಂಟರ್‌ಗಳನ್ನ ಜೋಡಿಸುವ ಬೆನ್ನೆಲುಬು ಜಾಲದ ಸಾಮರ್ಥ್ಯ ತಿಳಿಯೋಕೆ ಒಂದು ಕಮಾಂಡ್ ಕೊಟ್ಟರು. ಅದು ಆ ಜಾಲದ ಎಲ್ಲ ಸಂಪರ್ಕ ಕಡಿದುಹಾಕಿತು. ಇಂಥ ಕಮಾಂಡನ್ನ ತಡೆಯಬೇಕಿದ್ದ ಸಾಧನದಲ್ಲಿ ದೋಷ ಇತ್ತು. ಆಮೇಲೆ ಆದದ್ದು ಇನ್ನೂ ವಿಚಿತ್ರ. ಕಂಪನಿಯ ಡಿಎನ್‌ಎಸ್ ಸರ್ವರ್‌ಗಳಿಗೆ ಒಂದು ನಿಯಮ ಇತ್ತು: ಡೇಟಾಸೆಂಟರ್ ಜೊತೆ ಮಾತಾಡೋಕೆ ಆಗದಿದ್ರೆ ನಿನ್ನ ಸಂಪರ್ಕ ಕೆಟ್ಟಿದೆ ಅಂದ್ಕೋ, ನಿನ್ನ ವಿಳಾಸದ ಘೋಷಣೆ ಹಿಂತೆಗೆದುಕೋ. ಒಂದು ಸರ್ವರ್ ಕೆಟ್ಟಾಗ ಇದು ಒಳ್ಳೇ ನಿಯಮ. ಅವತ್ತು ಎಲ್ಲವೂ ಒಂದೇ ಸಲ "ನಾನೇ ಕೆಟ್ಟಿದ್ದೀನಿ" ಅಂತ ತೀರ್ಮಾನಿಸಿ ಇಂಟರ್ನೆಟ್‌ನಿಂದ ತಮ್ಮನ್ನ ಅಳಿಸಿಕೊಂಡವು. ಚೆನ್ನಾಗಿ ಓಡ್ತಿದ್ದ ಸರ್ವರ್‌ಗಳು ಯಾರಿಗೂ ಸಿಗದಂತಾದವು.

ಸರಿಪಡಿಸುವ ಒಳಗಿನ ಸಾಧನಗಳೂ ಅದೇ ಡಿಎನ್‌ಎಸ್ ನಂಬಿದ್ದವು. ತುರ್ತಿಗೆಂದು ಇಟ್ಟಿದ್ದ ಪ್ರತ್ಯೇಕ ದಾರಿಯೂ ಕೆಲಸ ಮಾಡಲಿಲ್ಲ. ಕೊನೆಗೆ ಎಂಜಿನಿಯರ್‌ಗಳನ್ನೇ ಡೇಟಾಸೆಂಟರ್‌ಗೆ ಕಳಿಸಬೇಕಾಯ್ತು. ಅಲ್ಲಿನ ಬಿಗಿ ಭದ್ರತೆ ದಾಟಿ ಯಂತ್ರದ ಮುಂದೆ ನಿಲ್ಲೋಕೂ ಹೊತ್ತು ಹಿಡೀತು.

ಭಾಗ 9/9 – ಕಾವಲುಗಾರನನ್ನ ಕಾಯೋರು ಯಾರು?

2012ರಲ್ಲಿ ಬರ್ಲಿನ್‌ನ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಪ್ರಮೀಥಿಯಸ್ ಎಂಬ ಸಾಧನ ಹುಟ್ಟಿತು. ಇವತ್ತು ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಇದೇ ನಡೀತಿರೋದು. ಸಾವಿರಾರು ಅಂಕಿಗಳನ್ನ ಸೆಕೆಂಡುಗಳ ಅಂತರದಲ್ಲಿ ಸಂಗ್ರಹಿಸುತ್ತೆ. ಆದರೆ ಅದರೊಳಗೂ ಹಳೇ ಪ್ರಶ್ನೆ ಹಾಗೇ ಕೂತಿದೆ. ಪ್ರತಿ ಯಂತ್ರಕ್ಕೂ 'ಅಪ್' ಅನ್ನೋ ಒಂದು ಅಂಕಿ ಇದೆ. ಕೇಳಿದ್ದಕ್ಕೆ ಉತ್ತರ ಬಂದ್ರೆ 1, ಬಾರದಿದ್ರೆ 0. ಇದ್ದೀಯಾ? ಇದ್ದೀನಿ.

ಹಾಗಾದ್ರೆ ಪ್ರಮೀಥಿಯಸ್ಸೇ ಸತ್ತರೆ? ಅಲರ್ಟ್ ಬರಲ್ಲ, ಫೋನ್ ಸುಮ್ಮನಿರುತ್ತೆ, ಎಲ್ಲ ಸರಿಯಿದೆ ಅನ್ಕೊಂಡು ನಾವು ಮಲಗಿರ್ತೀವಿ. ಇದಕ್ಕೆ ಕಂಡುಕೊಂಡ ಉಪಾಯ ಸರಳ. ಯಾವಾಗಲೂ ಕೂಗುತ್ತಲೇ ಇರುವ ಒಂದು ಅಲರ್ಟ್ ಇಡ್ತಾರೆ, ಹೆಸರು 'ವಾಚ್‌ಡಾಗ್'. ಅದು ನಿಮ್ಮನ್ನ ಎಬ್ಬಿಸಲ್ಲ, ಹೊರಗೆ ಬೇರೆಲ್ಲೋ ಇರುವ ಇನ್ನೊಂದು ಸೇವೆಗೆ ಹೋಗ್ತಿರುತ್ತೆ. ಕೂಗು ನಿಂತ ತಕ್ಷಣ ಆ ಹೊರಗಿನವನು ನಿಮ್ಮನ್ನ ಎಬ್ಬಿಸ್ತಾನೆ. ಹಿಂದೆ ರಾತ್ರಿ ಗಸ್ತಿನವರು ಕೋಲು ಕುಟ್ಟಿ ಸೀಟಿ ಊದ್ತಾ ಹೋಗ್ತಿದ್ದದ್ದೂ ಸ್ವಲ್ಪ ಇದಕ್ಕೇ ಅಲ್ವಾ? ಸೀಟಿ ಕೇಳ್ತಿದ್ರೆ ನಿದ್ದೆ, ನಿಂತ್ರೆ ಎಚ್ಚರ.

ಈ ಐವತ್ತು ವರ್ಷದ ಕಥೆಯಲ್ಲಿ ಯಂತ್ರ ಬದಲಾಯ್ತು, ಹೆಸರು ಬದಲಾಯ್ತು. ಪೆಟ್ಟು ಬಿದ್ದ ಜಾಗ ಮಾತ್ರ ಹೆಚ್ಚುಕಡಿಮೆ ಒಂದೇ: ನೋಡುವವನೂ ನೋಡಿಸಿಕೊಳ್ಳುವವನೂ ಒಂದೇ ಹಗ್ಗಕ್ಕೆ ನೇತಾಡ್ತಿದ್ದದ್ದು. 1969ರಲ್ಲಿ ಕೈಯಲ್ಲಿದ್ದ ಆ ಟೆಲಿಫೋನ್‌ನ ಬೆಲೆ 2021ರಲ್ಲಿ ಮತ್ತೆ ತಿಳೀತು.

ನಿಮ್ಮದೊಂದು ಚಿಕ್ಕ ಅಂಗಡಿಯ ವೆಬ್‌ಸೈಟ್ ಇರಲಿ, ನೂರು ಸರ್ವರ್ ಇರಲಿ, ಇವತ್ತೇ ಮೂರು ವಿಷಯ ನೋಡಿ. ಒಂದು, ನಿಮ್ಮ ಪರೀಕ್ಷೆ ಬರೀ ಲೈಟ್ ನೋಡ್ತಿದೆಯಾ, ಅಂಗಡಿಯೊಳಗೆ ಹೋಗಿ ಸಾಮಾನು ಕೇಳ್ತಿದೆಯಾ? ಎರಡು, ಆ ಪರೀಕ್ಷೆ ಓಡ್ತಿರೋದು ಅದೇ ಸರ್ವರ್‌ನಲ್ಲಾ, ಬೇರೆ ಕಡೆಯಿಂದಲಾ? ಮೂರು, ಎಲ್ಲವೂ ಒಟ್ಟಿಗೆ ನಿಂತ ದಿನ ನಿಮ್ಮ ತಂಡದವರ ಫೋನ್ ನಂಬರ್ ಎಲ್ಲಿ ಸಿಗುತ್ತೆ? ಅದೇ ಸರ್ವರ್‌ನಲ್ಲಿರೋ ಫೈಲಲ್ಲಿ ಅಂತಾದ್ರೆ, ದಯವಿಟ್ಟು ಈಗಲೇ ಒಂದು ಹಾಳೆ ಮೇಲೆ ಬರೆದು ಗೋಡೆಗೆ ಅಂಟಿಸಿ.

ಸೇವ್ ಮಾಡ್ಕೊಳ್ಳಿ, ರಾತ್ರಿ ಪಾಳಿಯಲ್ಲಿರೋ ಗೆಳೆಯರಿಗೆ ಕಳಿಸಿ.

#ಕನ್ನಡ #ಕನ್ನಡದಲ್ಲಿತಂತ್ರಜ್ಞಾನ #ಇಂಟರ್ನೆಟ್‌ಇತಿಹಾಸ #ಪಿಂಗ್ #ರಾತ್ರಿಪಾಳಿ